ಯಂತ್ರಗಳನ್ನು ವಿರೋಧಿಸುವುದು ಹಿಂದುಳಿದ ಬುದ್ಧಿಯೇ? ವೈಜ್ಞಾನಿಕ ಕಥೆಗಳು ಈ ಬಗ್ಗೆ ಏನು ಹೇಳುತ್ತವೆ?

ಖಂಡಿತ ಅಲ್ಲ. ಬಹುಪಾಲು ತಕರಾರು ಇರುವುದು ಯಂತ್ರದ ಲಾಭ ಯಾರ ಕೈ ಸೇರುತ್ತದೆ ಎಂಬುದರ ಬಗ್ಗೆ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆ ಕಾಲುಚೀಲ ಹೆಣೆಯುವ ಯಂತ್ರಗಳನ್ನು ಒಡೆದ ಲಡ್ಡೈಟರು ಅದೇ ಕಸುಬಿನಲ್ಲಿ ಪಳಗಿದವರು. ಕೂಲಿ ಇಳಿಸಿ ಕಳಪೆ ಮಾಲು ಮಾಡಿಸಿದ್ದಕ್ಕೆ ಅವರು ಸಿಟ್ಟಿಗೆದ್ದರು. ಮರುವರ್ಷವೇ ಸಂಸತ್ತು ಯಂತ್ರ ಒಡೆಯುವುದಕ್ಕೆ ಮರಣದಂಡನೆ ಗೊತ್ತುಮಾಡಿತು.

‘ರೋಬೋಟ್’ ಎಂಬ ಪದವನ್ನೇ ನೋಡಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ, ಕಾರ್ಖಾನೆಯಲ್ಲಿ ತಯಾರಾದ ಕೃತಕ ಆಳುಗಳ ಕುರಿತ ನಾಟಕದಿಂದ ಬಂದದ್ದು. ಚೆಕ್ ಭಾಷೆಯ ‘ರೊಬೊಟಾ’ ಎಂದರೆ ಬಿಟ್ಟಿ ಚಾಕರಿ. ನಾಳಿನ ಯಂತ್ರದ ನೆಪದಲ್ಲಿ ಇಂಥ ಕಥೆಗಳು ಇವತ್ತಿನ ಧಣಿ-ಆಳುಗಳ ಸಂಬಂಧವನ್ನೇ ತೋರಿಸುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ನನ್ನ ದೊಡ್ಡಮ್ಮ ಕಾರ್ಕಳದ ಹತ್ತಿರ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಬೀಜ ಒಡೆಯುತ್ತಿದ್ದರು. ಎಣ್ಣೆ ಸವರಿಕೊಂಡರೂ ಸಿಪ್ಪೆಯ ಸೊನೆ ತಾಗಿ ಬೆರಳ ತುದಿ ಕಪ್ಪಾಗಿ ಚರ್ಮ ಏಳುತ್ತಿತ್ತು. ಆಮೇಲೆ ಒಡೆಯುವ ಮೆಷಿನ್ ಬಂತು. ಬೆರಳೇನೋ ವಾಸಿಯಾಯಿತು, ಆದರೆ ಕೆಲಸ ಹೋಯಿತು. ಮೆಷಿನನ್ನು ಅವರು ಬೈದದ್ದು ನಾನು ಕೇಳಿಲ್ಲ. “ನಮ್ಮನ್ನು ಒಂದು ಮಾತು ಕೇಳಬಹುದಿತ್ತು” ಎನ್ನುತ್ತಾರೆ, ಅಷ್ಟೆ. ಈಗ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾರೆ.