ಊರಿನ ಗ್ರಂಥಾಲಯದ ಹಳೇ ಪುಸ್ತಕ, ನಕ್ಷೆಗಳಿಗೆ ಯಾವ ಸ್ಕ್ಯಾನರ್ ಒಳ್ಳೆಯದು?

ಯಾವ ಸ್ಕ್ಯಾನರ್ ತಗೊಳ್ಳಬೇಕು, ಸ್ಕ್ಯಾನ್ ಆದ ಮೇಲೆ ಹಳೇ ಪ್ರತಿಗಳನ್ನು ಇಟ್ಟುಕೊಳ್ಳಲೇಬೇಕಾ ಅಂತ ಕೇಳಿದ್ದೀರಿ. ನಮ್ಮೂರಿನ ವಾಚನಾಲಯದಲ್ಲಿ ನಾವೂ ಇದೇ ಎರಡು ಪ್ರಶ್ನೆ ಇಟ್ಟುಕೊಂಡು ಹೊರಟವರು. ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು.

ಹೆಂಚಿನ ಮಾಡಿನ ಹಳೇ ಕಟ್ಟಡ ಅದು. ಕಪಾಟುಗಳ ತುಂಬ ಕಾದಂಬರಿ, ಮಾಸಪತ್ರಿಕೆ, ಶಾಲೆಯ ಸ್ಮರಣ ಸಂಚಿಕೆಗಳು. ಒಂದು ಕಪಾಟಿನ ಕೆಳಗಿನ ಖಾನೆಯಲ್ಲಿ ಮಡಚಿಟ್ಟ ಒಂದು ದೊಡ್ಡ ನಕ್ಷೆ ಇತ್ತು. ಹಿಂದೆ ಬಟ್ಟೆ ಅಂಟಿಸಿದ್ದರು. ನಮ್ಮೂರು ಮತ್ತು ಸುತ್ತಲಿನ ಹಳ್ಳಿಗಳನ್ನು ಯಾರೋ ಕೈಯಲ್ಲೇ ಬರೆದು ಬಣ್ಣ ಹಾಕಿದ್ದರು. ಕೆರೆಗಳಿಗೆ ತಿಳಿ ನೀಲಿ, ಗುಂಡುತೋಪುಗಳಿಗೆ ಹಸಿರು, ಹಳ್ಳಿಗಳ ಗಡಿಗೆ ಕೆಂಪು ಗೆರೆ. ಕೆರೆಯ ಸುತ್ತ ಬೇರೆ ಗೆರೆ ಎಳೆದಿರಲಿಲ್ಲ. ನೀಲಿ ಎಲ್ಲಿ ನಿಲ್ಲುತ್ತದೋ ಕೆರೆ ಅಲ್ಲಿಗೆ ಮುಗಿಯಿತು. ಕೆರೆಗೆ ನೀರು ತರುವ ಹಳ್ಳಗಳ ಪಕ್ಕ ಪೆನ್ಸಿಲಿನಲ್ಲಿ ಪುಟ್ಟ ಅಕ್ಷರದ ಹೆಸರುಗಳು. ಅದರಲ್ಲಿ ಕೆಲವನ್ನು ಊರಿನ ಹಿರಿಯರೂ ಕೇಳಿರಲಿಲ್ಲ.

ಪುಸ್ತಕಗಳನ್ನು ನಾವೇ ಸ್ಕ್ಯಾನ್ ಮಾಡಿದೆವು. ನಕ್ಷೆ ನಮ್ಮ ಯಂತ್ರದಲ್ಲಿ ಹಿಡಿಸಲಿಲ್ಲ. ಪೇಟೆಯಲ್ಲಿ ಮನೆ ಪ್ಲಾನ್ ಪ್ರಿಂಟ್ ಹಾಕುವ ಅಂಗಡಿಗೆ ತಗೊಂಡು ಹೋದೆ. ‘ಕಲರ್ ಬೇಕಾ ಸಾರ್, ಬ್ಲ್ಯಾಕ್ ಅಂಡ್ ವೈಟ್ ಸಾಕಾ?’ ಅಂತ ಅಲ್ಲಿನ ಹುಡುಗ ಕೇಳಿದ. ಕಲರ್‌ಗೆ ದುಡ್ಡು ಜಾಸ್ತಿ, ಫೈಲೂ ದೊಡ್ಡದು. ಕಪ್ಪು-ಬಿಳುಪು ಸಾಕು ಅಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲ ಹಾಳಾಗಿದ್ದು. ಇಂಥ ಯಂತ್ರದಲ್ಲಿ ಕಪ್ಪು-ಬಿಳುಪು ಅಂದರೆ ಹಳೇ ಫೋಟೋ ಥರ ಬೂದು ಛಾಯೆಗಳಿರುತ್ತವೆ ಅಂದುಕೊಳ್ಳಬೇಡಿ. ಒಂದೊಂದು ಚುಕ್ಕಿಯೂ ಪೂರ್ತಿ ಕಪ್ಪು, ಇಲ್ಲವೇ ಪೂರ್ತಿ ಬಿಳಿ. ನಡುವೆ ಏನೂ ಇಲ್ಲ. ಒಂದು ಮಟ್ಟಕ್ಕಿಂತ ಗಾಢವಾಗಿದ್ದರೆ ಕಪ್ಪು, ತಿಳಿಯಾಗಿದ್ದರೆ ಬಿಳಿ. ನಮ್ಮ ತಿಳಿ ನೀಲಿ ಕೆರೆಗಳೆಲ್ಲ ಬಿಳಿ ಕಾಗದವಾದವು. ಪೆನ್ಸಿಲಿನ ಹೆಸರುಗಳು ಅಳಿಸಿಹೋದವು. ಕೆಂಪು ಗಡಿ, ಕಪ್ಪು ದಾರಿ ಎರಡೂ ಒಂದೇ ಥರದ ಗೆರೆಗಳಾದವು. ಮಡಿಕೆಯಲ್ಲಿ ಕೂತಿದ್ದ ಕೊಳೆ ಮತ್ತು ನೀರಿನ ಕಲೆ ಗಾಢವಾಗಿದ್ದವಲ್ಲ, ಅವು ಮಾತ್ರ ಅಚ್ಚೊತ್ತಿದ ಹಾಗೆ ಬಂದವು. ಬಣ್ಣದ ಚಿತ್ರದಿಂದ ಕಪ್ಪು-ಬಿಳುಪನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಉಲ್ಟಾ ಆಗಲ್ಲ. ಎಂಥ ಸಾಫ್ಟ್‌ವೇರ್ ತಂದರೂ ಆಗಲ್ಲ, ಆ ಬಣ್ಣ ಫೈಲಿನ ಒಳಗೆ ಹೋಗೇ ಇಲ್ಲವಲ್ಲ.

ಅಂಗಡಿಯಲ್ಲೇ ಪರದೆ ಮೇಲೆ ದೊಡ್ಡದು ಮಾಡಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡದೆ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದೆ. ಸ್ಕ್ಯಾನ್ ಆಯ್ತಲ್ಲ ಅನ್ನೋ ಧೈರ್ಯದಲ್ಲಿ ನಕ್ಷೆ ಮತ್ತೆ ಅದೇ ಕೆಳಗಿನ ಖಾನೆಗೆ ಹೋಯಿತು. ಮಳೆಗಾಲದಲ್ಲಿ ಮಾಡು ಸೋರಿತು, ಒದ್ದೆ ಗೋಡೆಗೆ ಗೆದ್ದಲು ಹತ್ತಿತು. ನಾವು ತೆಗೆದು ನೋಡುವಷ್ಟರಲ್ಲಿ ಉಳಿದಿದ್ದು ಮಣ್ಣು ಮೆತ್ತಿದ ಅಂಚುಗಳಷ್ಟೇ. ಆಮೇಲೆ ಕೆರೆ ಹೂಳೆತ್ತುವ ಮಾತು ಬಂದಾಗ, ಹಳ್ಳಗಳು ಯಾವ ಕಡೆಯಿಂದ ಬರುತ್ತಿದ್ದವು ಅಂತ ಊರಿನವರು ಕೇಳಿಕೊಂಡು ಬಂದರು. ಫೈಲ್ ತೆರೆದರೆ ಅದರಲ್ಲಿ ಕೆರೆಯೇ ಇಲ್ಲ.

ಪುಸ್ತಕಗಳನ್ನೂ ಹಾಗೇ ಮಾಡಿದ್ದೆವು. ‘ಥ’ದ ಒಳಗಿನ ಚುಕ್ಕಿ ತುಂಬಿಕೊಂಡು, ಒತ್ತಕ್ಷರಗಳು ಮಸಿ ಮುದ್ದೆಯಾಗಿದ್ದವು. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುವ ಒಸಿಆರ್ ಸಾಫ್ಟ್‌ವೇರ್ ಹಾಕಿದರೆ ಅರ್ಥವಿಲ್ಲದ ಪದಗಳೇ ಬಂದವು. ಆದರೆ ಅಚ್ಚಾದ ಪುಸ್ತಕದ ಇನ್ನೊಂದು ಪ್ರತಿ ಎಲ್ಲೋ ಸಿಗುತ್ತದೆ. ನಕ್ಷೆ ಇದ್ದದ್ದು ಒಂದೇ.

ಹಾಗಾಗಿ ಈಗಲೇ ಸ್ಕ್ಯಾನರ್ ಕೊಳ್ಳಬೇಡಿ. ಮೊದಲು ನಿಮ್ಮಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ್ದು ಏನಿದೆ ಅಂತ ಪಟ್ಟಿ ಮಾಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಜಾಲತಾಣದಲ್ಲಿ ರಾಶಿ ರಾಶಿ ಸಿಗುತ್ತವೆ. ಅಲ್ಲೇ ಸರ್ವೆಂಟ್ಸ್ ಆಫ್ ನಾಲೆಡ್ಜ್ ಅನ್ನೋ ಸ್ಕ್ಯಾನ್ ಪುಸ್ತಕಗಳ ಸಂಗ್ರಹವನ್ನೂ ನೋಡಿ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಹೇಗೋ ಬರೆದಿರುತ್ತಾರೆ, ನಾಲ್ಕಾರು ಥರ ಹುಡುಕಬೇಕು. ಅಲ್ಲಿ ಚೆನ್ನಾಗಿರುವ ಪ್ರತಿ ಇದ್ದರೆ ಅದೇ ಕಾದಂಬರಿಗೆ ಮತ್ತೆ ಸುಮ್ನೆ ಸಮಯ ಕಳೆಯಬೇಡಿ. ಊರಿನ ಜಾತ್ರೆಯ ಕರಪತ್ರ, ಶಾಲೆಯ ಸಂಚಿಕೆ, ಸಂಘದ ನಡಾವಳಿ ಪುಸ್ತಕ, ಕೈಬರಹದ ನಕ್ಷೆ ಇವು ನಿಮ್ಮ ಕೆಲಸ.

ಇದಕ್ಕೆ ಒಂದು ಸಾಧಾರಣ ಕ್ಯಾಮೆರಾ, ಗಟ್ಟಿ ಸ್ಟ್ಯಾಂಡ್, ಎರಡೂ ಕಡೆಯಿಂದ ಬೆಳಕು ಸಾಕು. ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಹಳೇ ಪುಸ್ತಕದ ಬೆನ್ನು ಮುರಿಯುತ್ತದೆ. ಎರಡು ಹಲಗೆ ಇಳಿಜಾರಾಗಿ ಜೋಡಿಸಿ, ಪುಸ್ತಕವನ್ನು ಅರ್ಧ ತೆರೆದು ಮಲಗಿಸಿ. ಹೊಲಿಗೆ ಕತ್ತರಿಸಿ ಹಾಳೆ ಬಿಡಿಸಿದರೆ ಬೇಗ ಆಗುತ್ತದೆ ಅನ್ನುವವರ ಮಾತು ಕೇಳಬೇಡಿ. 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕಿ), ಬಣ್ಣದಲ್ಲಿ ಒಂದು ಎ4 ಪುಟ, ವಿವರ ಕಳೆಯದೆ ಚಿತ್ರ ಉಳಿಸುವ ಟಿಫ್ ಫೈಲಾಗಿ ಸುಮಾರು 25 ಎಂಬಿ ಆಗುತ್ತದೆ. ಹಾರ್ಡ್‌ಡಿಸ್ಕ್ ಬೇಗ ತುಂಬುತ್ತದೆ, ತುಂಬಲಿ. ಓದುವವರಿಗೆ ಅದರಿಂದಲೇ ಸಣ್ಣ ಪಿಡಿಎಫ್ ಮಾಡಿ ಕೊಡಿ. ಟಿಫ್ ಎರಡು ಡಿಸ್ಕ್‌ಗಳಲ್ಲಿರಲಿ, ಒಂದು ಬೇರೆ ಕಟ್ಟಡದಲ್ಲಿ.

ಆನ್‌ಲೈನ್‌ಗೆ ಎಲ್ಲವನ್ನೂ ಹಾಕುವ ಹಾಗಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ಬದುಕಿರುವಾಗ ಅಚ್ಚಾದ ಪುಸ್ತಕಕ್ಕೆ, ಅವರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರು ಪ್ರಕಟಿಸಿದ್ದನ್ನು ಹಾಕಬಹುದು. ಮಾಸ್ತಿಯವರು ತೀರಿಕೊಂಡಿದ್ದು 1986ರಲ್ಲಿ, ಅಂದರೆ 2046ರ ಕೊನೆಯವರೆಗೆ ಕಾಯಬೇಕು. ಹಾಗಂತ ಸ್ಕ್ಯಾನ್ ನಿಲ್ಲಿಸಬೇಡಿ. 2012ರ ತಿದ್ದುಪಡಿಯ ಪ್ರಕಾರ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕದ ಡಿಜಿಟಲ್ ಪ್ರತಿಯನ್ನು ಸಂರಕ್ಷಣೆಗೆ ಇಟ್ಟುಕೊಳ್ಳಬಹುದು.

ಮೂಲ ಪ್ರತಿ ರದ್ದಿಗೆ ಹಾಕಬೇಡಿ. ಇದರಲ್ಲಿ ಚರ್ಚೆಯೇ ಇಲ್ಲ. ಸ್ಕ್ಯಾನ್ ಕೆಟ್ಟಿದ್ದರೆ ಮತ್ತೆ ತೆಗೆಯಲು ಬೇರೇನಿದೆ ಹೇಳಿ? ನೆಲದಿಂದ ಮೇಲಕ್ಕೆ, ಗೋಡೆಯಿಂದ ದೂರ ಇಡಿ. ನಕ್ಷೆಯನ್ನು ಮತ್ತೆ ಮಡಚಬೇಡಿ, ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಕಂದು ಕಲೆ ಬಿಡುತ್ತದೆ. ಬಿಡಿಸಿದರೆ ಪುಡಿಯಾಗುವಂತಿದ್ದರೆ ಕೈ ಹಚ್ಚದೆ, ಕಾಗದ ಸಂರಕ್ಷಣೆ ಕಲಿತವರಿಗೆ ತೋರಿಸಿ.

ನಕ್ಷೆಯ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ತೆಗೆದ ಕೂಡಲೇ, ನಕ್ಷೆ ಇನ್ನೂ ಮೇಜಿನ ಮೇಲಿರುವಾಗಲೇ, ಊರು ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆ ಮೇಲೆ ದೊಡ್ಡದು ಮಾಡಿ ಒಂದೊಂದೇ ಹೆಸರು ಓದಿ. ಕಾಗದದಲ್ಲಿ ಕಾಣುವ ಹೆಸರು ಪರದೆಯಲ್ಲಿ ಕಾಣದಿದ್ದರೆ ಇನ್ನೊಮ್ಮೆ ತೆಗೆಯಿರಿ.