ಕೂಲಿ ಮೊದಲು ಬರೆಯಿರಿ, ಲಾಭ ಆಮೇಲೆ

ಓದುಗರ ಪ್ರಶ್ನೆ–ಉತ್ತರ. ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪತ್ರಗಳು. ಕೇಳಿದವರ ಇಚ್ಛೆಯಂತೆ ಹೆಸರು ಬಿಟ್ಟಿದ್ದೇವೆ.

ನಾವು ಮಧುಗಿರಿ ತಾಲ್ಲೂಕಿನ ಒಂದು ಕಾಲೋನಿಯ ಹನ್ನೆರಡು ಹೆಣ್ಣುಮಕ್ಕಳು, ಸಂಜೀವಿನಿ ಸ್ವಸಹಾಯ ಸಂಘದಲ್ಲಿದ್ದೇವೆ. ಯಾರಿಗೂ ಜಮೀನಿಲ್ಲ. ಸುಗ್ಗಿ ಬಂದರೆ ವ್ಯಾಪಾರಿಗಳ ಹತ್ತಿರ ಕೆ.ಜಿ. ಲೆಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತೇವೆ. ಮುಂದಿನ ಸಲ ನಾವೇ ಹಣ್ಣು ಕೊಂಡು, ಬಿಡಿಸಿ, ಪ್ಯಾಕೆಟ್ ಮಾಡಿ ಮಾರಬೇಕೆಂದಿದ್ದೇವೆ. ಕಾಲೋನಿಯ ವಿಧವೆಯರಿಗೆ, ಅಂಗವಿಕಲರಿಗೆ ಕೆಲಸ ಕೊಡಬೇಕೆಂಬ ಆಸೆಯಿದೆ. ಊರಿನವರು ನಮ್ಮ ಕೈಯದನ್ನು ಕೊಳ್ಳುವುದಿಲ್ಲ ಎಂಬ ಅಳುಕೂ ಇದೆ. ಎಲ್ಲಿಂದ ಶುರು ಮಾಡುವುದು?

ತಕ್ಕಡಿಯಿಂದ ಶುರು ಮಾಡಿ, ಬ್ಯಾಂಕು ಆಮೇಲೆ. ಸಿಪ್ಪೆ ಸಹಿತ 50 ಕೆ.ಜಿ. ಹಣ್ಣು ತಂದು ಇಬ್ಬರು ಬಿಡಿಸಲಿ. ತಿರುಳೆಷ್ಟು, ಬೀಜವೆಷ್ಟು, ಕಸವೆಷ್ಟು, ಒಬ್ಬರಿಂದ ದಿನಕ್ಕೆ ಎಷ್ಟು ಕೆ.ಜಿ. ಆಯಿತು, ಇಷ್ಟನ್ನೂ ಬರೆದಿಡಿ. ಪುಸ್ತಕದ ಲೆಕ್ಕದಲ್ಲಿ ತಿರುಳು ನೂರಕ್ಕೆ 55, ಬೀಜ 34, ಸಿಪ್ಪೆ ಮತ್ತು ನಾರು 11. ಆದರೆ ಮಾರಲು ಯೋಗ್ಯವಾದದ್ದು ಅರ್ಧ ಎಂದೇ ಹಿಡಿಯಿರಿ.

ಈಗ ಒಂದು ಲೆಕ್ಕ. ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಕಡೆಯ ದರ ಹಾಕಿ ಮತ್ತೆ ಕೂಡಿ. ಸಾವಿರ ಕೆ.ಜಿ. ಹಣ್ಣು ಕೆ.ಜಿ.ಗೆ 40ರಂತೆ 40,000 ರೂಪಾಯಿ. ಸಿಗುವ ತಿರುಳು 500 ಕೆ.ಜಿ. ಒಬ್ಬರು ದಿನಕ್ಕೆ 20 ಕೆ.ಜಿ. ತಿರುಳು ಬಿಡಿಸಿ 400 ರೂಪಾಯಿ ಕೂಲಿ ಪಡೆದರೆ ಕೂಲಿ 10,000. ಪೌಚು, ಲೇಬಲ್ಲು, ಪ್ಯಾಕಿಂಗ್ ಸೇರಿ 6,000. ಹಮಾಲಿ, ಸಾಗಾಣಿಕೆ 2,500. ಸಾಲ 60,000ಕ್ಕೆ ವರ್ಷಕ್ಕೆ ಶೇ 12ರಂತೆ ಆರು ತಿಂಗಳ ಬಡ್ಡಿ 3,600. ಒಟ್ಟು 62,100. ಬೀಜ 330 ಕೆ.ಜಿ. ಹತ್ತರಂತೆ ಮಾರಿದರೆ 3,300 ವಾಪಸು ಬಂತು, ಉಳಿದ ಖರ್ಚು 58,800. ಒಣಗಿ, ಸೋರಿ, ಸ್ಯಾಂಪಲ್‌ಗೆ ಹೋಗಿ 15 ಕೆ.ಜಿ. ಕಳೆಯುತ್ತದೆ. ಮಾರಾಟಕ್ಕೆ ಉಳಿದ 485 ಕೆ.ಜಿ.ಗೆ ಭಾಗಿಸಿದರೆ ಅಸಲು ಕೆ.ಜಿ.ಗೆ 121 ರೂಪಾಯಿ.

ಕೂಲಿಯ ಹತ್ತು ಸಾವಿರ ಬರೆಯದೆ ಬಿಟ್ಟರೆ ಅದೇ ಅಸಲು 101ಕ್ಕೆ ಇಳಿಯುತ್ತದೆ. ಬಹಳ ಸಂಘಗಳು ಎಡವುವುದು ಇಲ್ಲೇ. ‘ನಮ್ಮ ಕೈ ಕೆಲಸ ತಾನೇ’ ಎಂದು 110ಕ್ಕೆ ಮಾರಿ, ಒಂಬತ್ತು ರೂಪಾಯಿ ಲಾಭ ಎಂದುಕೊಳ್ಳುತ್ತಾರೆ. ಅಸಲಿಗೆ ಕೆ.ಜಿ.ಗೆ ಹನ್ನೊಂದು ರೂಪಾಯಿ ತಮ್ಮ ಕೂಲಿಯಿಂದಲೇ ಗಿರಾಕಿಗೆ ಕೊಟ್ಟಿರುತ್ತಾರೆ. ವಿಧವೆಯರಿಗೆ ಕೆಲಸ ಕೊಡುವ ನಿಮ್ಮ ಆಸೆ ನಿಲ್ಲಬೇಕಾದರೆ ಸದಸ್ಯರ ಕೂಲಿಯೂ ಹೊರಗಿನವರ ಕೂಲಿಯೂ ಒಂದೇ ದರದಲ್ಲಿ ಪುಸ್ತಕಕ್ಕೆ ಏರಬೇಕು. ವೇಗವಾಗಿ ಬಿಡಿಸಲಾಗದ ಅಂಗವಿಕಲರಿಗೆ ಕೆ.ಜಿ. ಲೆಕ್ಕ ಅನ್ಯಾಯ. ಅವರಿಗೆ ತೂಕ, ಸೀಲು, ಲೇಬಲ್ ಕೆಲಸವನ್ನು ದಿನಗೂಲಿಗೆ ಕೊಟ್ಟು ಪ್ಯಾಕಿಂಗ್ ಖರ್ಚಿನಲ್ಲಿ ತೋರಿಸಿ.

ಮೊದಲ ವರ್ಷ ಮರ ಗುತ್ತಿಗೆ ಹಿಡಿಯಬೇಡಿ. ಕಣ್ಣಂದಾಜಿನಲ್ಲಿ ಫಸಲು ಅಳೆಯುವುದು ಪಳಗಿದ ವ್ಯಾಪಾರಿಗೂ ತಪ್ಪುತ್ತದೆ; ಮರದಿಂದ ಬಿದ್ದವರ ಹೊಣೆ ಯಾರದು ಎಂಬ ಪ್ರಶ್ನೆ ಬೇರೆ. ತೂಕಕ್ಕೆ ಕೊಳ್ಳಿ, ಎರಡು ಮೂರು ಕಂತಿನಲ್ಲಿ ಕೊಳ್ಳಿ.

ಹಣ್ಣು ಕೆಡುವುದು ಮೂರು ಕಾರಣಕ್ಕೆ. ಸರಿಯಾಗಿ ಆರದ ಹಣ್ಣನ್ನು ಪೌಚಿಗೆ ತುಂಬಿದರೆ ಒಳಗೇ ಬೆವೆತು ಬೂಷ್ಟು ಬರುತ್ತದೆ. ಬಿಡಿಸಿದ ಮೇಲೆ ಎರಡು ಮೂರು ದಿನ ಶುಚಿಯಾದ ಟಾರ್ಪಾಲಿನ ಮೇಲೆ ಬಿಸಿಲಿಗೆ ಹರಡಿ, ರಾತ್ರಿ ಒಳಗೆ ತೆಗೆಯಿರಿ. ಎರಡನೆಯದು ಕಬ್ಬಿಣ: ಹುಳಿಗೆ ತುಕ್ಕು ತಾಗಿದರೆ ತಿರುಳು ಕರಿಯಾಗುತ್ತದೆ. ಸ್ಟೀಲು ಇಲ್ಲವೇ ಆಹಾರದರ್ಜೆಯ ಪ್ಲಾಸ್ಟಿಕ್ ಪಾತ್ರೆಯೇ ಇರಲಿ. ಮೂರನೆಯದು ಕಾಲ. ಮಳೆಗಾಲದ ತೇವಕ್ಕೆ ಕೆಂಪು ಹಣ್ಣು ತಾನಾಗಿ ಕಪ್ಪಾಗುತ್ತದೆ, ದರವೂ ಇಳಿಯುತ್ತದೆ. ಆಷಾಢದ ನಂತರ ಮಾರುವ ಮಾಲನ್ನು ಶೀತಲ ಗೃಹದಲ್ಲಿಡಿ, ಅದರ ಬಾಡಿಗೆಯನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿ. ತೂಕಕ್ಕೆಂದು ನೀರು ಚಿಮುಕಿಸುವ ವ್ಯಾಪಾರಿ ಬುದ್ಧಿ ನಿಮಗೆ ಬೇಡ, ಗಿರಾಕಿ ಎರಡನೇ ಸಲ ಬರುವುದಿಲ್ಲ.

ಕಾಗದಪತ್ರ: ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿ ಆಧಾರ್ ಮೇಲೆ ಉಚಿತ. ಆಹಾರ ಸುರಕ್ಷತಾ ಪ್ರಾಧಿಕಾರದ ಮೂಲ ನೋಂದಣಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಅಲ್ಲಿ ಸಿಗುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಜತೆಗೆ ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಪ್ಯಾಕ್ ಮಾಡಿದ ತಿಂಗಳು–ವರ್ಷ, ಬ್ಯಾಚ್ ಸಂಖ್ಯೆ, ದೂರು ಹೇಳಲು ಫೋನ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿ, ಪ್ಯಾಕರ್ ನೋಂದಣಿಯನ್ನೂ ಅಲ್ಲೇ ಮಾಡಿಸಿ.

ದುಡ್ಡಿಗೆ ನಿಮ್ಮ ಪಂಚಾಯಿತಿ ಮಟ್ಟದ ಒಕ್ಕೂಟವನ್ನು ಮೊದಲು ಕೇಳಿ. ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಂಘದ ಸದಸ್ಯೆಗೆ ಗರಿಷ್ಠ 40,000 ರೂಪಾಯಿ ಬೀಜಧನ, ಅಂದರೆ ಆರಂಭದ ಬಂಡವಾಳ, ಇಟ್ಟಿದ್ದಾರೆ. ಒಕ್ಕೂಟಕ್ಕೆ ಅದು ಅನುದಾನ, ನಿಮ್ಮ ಕೈಗೆ ಬರುವಾಗ ಸಾಲ. ಪುಕ್ಕಟೆ ಎಂದುಕೊಂಡು ಖರ್ಚು ಮಾಡಿ ಒಕ್ಕೂಟದ ಜತೆ ಮುನಿಸು ಕಟ್ಟಿಕೊಂಡವರಿದ್ದಾರೆ.

ಊರಿನ ಅಳುಕಿನ ಮಾತು. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಮೊದಲ ವರ್ಷ ಊರಿನ ಅಂಗಡಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ತುಮಕೂರಿನ ಹೋಟೆಲು, ಹಾಸ್ಟೆಲು, ಕ್ಯಾಂಟೀನಿನವರು ನೋಡುವುದು ಬಣ್ಣ, ಕಸ, ದರ. ಅವರ ದೋಷ ಬೇರೆ: ಹಣ ತಡ ಮಾಡುತ್ತಾರೆ. ಉದ್ಯಮ್ ನೋಂದಣಿ ಆದ ಮೇಲೆ ಕೊಟ್ಟ ಮಾಲಿಗೆ 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಬರಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ಈ ಸಾಲನ್ನು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿ. ಇನ್ನು, ಒಬ್ಬೊಬ್ಬರು ಕೊಳ್ಳದಿರುವುದು ಅವರಿಷ್ಟ. ‘ಇವರಿಗೆ ಹಣ್ಣು ಕೊಡಬೇಡಿ, ಇವರಿಂದ ಕೊಳ್ಳಬೇಡಿ’ ಎಂದು ಊರಲ್ಲಿ ಕಟ್ಟು ಹಾಕಿದರೆ ಅದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಆರ್ಥಿಕ ಬಹಿಷ್ಕಾರದ ಅಪರಾಧ. ಸಹಾಯವಾಣಿ 14566.

ಮುಳಬಾಗಿಲು: ಉದ್ಯೋಗಿನಿ ಸಾಲ ಮಾಡಿಸಿಕೊಡಲು ಒಬ್ಬರು ಐದು ಸಾವಿರ ಕೇಳುತ್ತಿದ್ದಾರೆ. ಕೊಡಲೇ? ನಾನು ಪರಿಶಿಷ್ಟ ಜಾತಿ, ರಾಗಿ ಹಿಟ್ಟು, ಹುರಿಹಿಟ್ಟು ಮಾಡುವ ಯೋಚನೆ.

ಒಂದು ರೂಪಾಯಿಯೂ ಬೇಡಮ್ಮಾ. ಅರ್ಜಿಯ ದಾರಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ. ಯೋಜನೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ್ದು. ಪರಿಶಿಷ್ಟ ಜಾತಿ–ಪಂಗಡದವರಿಗೆ ಘಟಕ ವೆಚ್ಚ 3 ಲಕ್ಷದವರೆಗೆ, ಅದರಲ್ಲಿ ಅರ್ಧ ಸಹಾಯಧನ. ವಯಸ್ಸು 18ರಿಂದ 55, ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗೆ.

ಅರ್ಜಿ ಬೀಳುವುದು ಸಾಮಾನ್ಯವಾಗಿ ಎರಡು ಕಡೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಜಾತಿ ಪತ್ರಗಳಲ್ಲಿ ಹೆಸರು ಒಂದೊಂದು ಥರ ಇರುವುದು ಒಂದು. ಒಂದರಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯದು. ಮೊದಲು ಅದನ್ನು ಸರಿಮಾಡಿಸಿ. ಇನ್ನೊಂದು, ನಿಗಮ ಆಯ್ಕೆ ಮಾಡಿದರೂ ಸಾಲ ಮಂಜೂರು ಮಾಡುವುದು ಬ್ಯಾಂಕ್. ಅದಕ್ಕೇ ಅರ್ಜಿಗೆ ಮುಂಚೆಯೇ ನಿಮ್ಮ ಖಾತೆಯಿರುವ ಶಾಖೆಗೆ ಹೋಗಿ, ಯಂತ್ರದ ಕೊಟೇಶನ್ ಮತ್ತು ಒಂದು ಪುಟದ ಖರ್ಚು–ಆದಾಯದ ಲೆಕ್ಕ ತೋರಿಸಿ. ಸಣ್ಣ ಉದ್ಯಮದ ಇಷ್ಟು ಮೊತ್ತದ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸಾಲ ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಕಾಗದ ಕೇಳಿದ ಕೂಡಲೇ ಕೆಲವೊಮ್ಮೆ ಉತ್ತರವೇ ಬದಲಾಗುತ್ತದೆ. ರಾಗಿಯ ಕೆಲಸಕ್ಕೆ ಕೋಲಾರದ ಬಳಿಯ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಚಿಕ್ಕಬಳ್ಳಾಪುರ: ಗೆಳೆಯರು ಸೇರಿ ಒಂದೂವರೆ ಲಕ್ಷ ಕೂಡಿಸಿದ್ದೇವೆ. ಅಲೆಮಾರಿ ಕುಟುಂಬಗಳ ಹತ್ತು ಹೆಣ್ಣುಮಕ್ಕಳಿಗೆ ಹತ್ತು ಹೊಲಿಗೆ ಯಂತ್ರ ಕೊಡೋಣವೆಂದು ಯೋಚನೆ. ಸರಿಯೇ?

ಕೊಡಬೇಡಿ ಸ್ವಾಮಿ, ಹಾಗೆ ಕೊಡಬೇಡಿ. ಕೆಲಸವಿಲ್ಲದ ಯಂತ್ರ ಮನೆಗೆ ಕಷ್ಟ ಬಂದ ದಿನ ಮಾರಾಟವಾಗುತ್ತದೆ. ತಪ್ಪು ಅವರದಲ್ಲ, ಅದೊಂದೇ ಅವರ ಬಳಿಯ ಆಸ್ತಿ.

ಮೊದಲ ಹಣ ಕಾಗದಪತ್ರಕ್ಕೆ ಇಡಿ. ಗುಡಿಸಲಲ್ಲಿ ಇರುವವರಿಗೆ ಜಾತಿ ಪತ್ರ, ರೇಷನ್ ಕಾರ್ಡು, ಎಷ್ಟೋ ಸಲ ಬ್ಯಾಂಕ್ ಖಾತೆಯೂ ಇರುವುದಿಲ್ಲ. ನಾಡಕಚೇರಿಗೆ ನಾಲ್ಕು ಸಲ ಅಲೆಯುವುದೆಂದರೆ ನಾಲ್ಕು ದಿನದ ಕೂಲಿ. ಆ ಕೂಲಿಯನ್ನು ನೀವು ಭರಿಸಿ, ಜತೆಗೊಬ್ಬರು ಹೋಗಿ. ಆಮೇಲೆ ಎರಡು ಪವರ್ ಮಷೀನು, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್ ಸಾಕು, ಸಂಘದ ಹೆಸರಿನಲ್ಲಿ. ಜಾಗಕ್ಕೆ ವಿದ್ಯುತ್ ಮೀಟರ್ ಇದೆಯೇ ಎಂದು ಮೊದಲೇ ನೋಡಿ. ಉಳಿದ ಹಣ ಬಟ್ಟೆ ಕೊಳ್ಳುವ ಮುಂಗಡವಾಗಿ ತಿರುಗುತ್ತಿರಲಿ.

ಎಲ್ಲಕ್ಕಿಂತ ಮೇಲಾದ ಉಪಕಾರ ಒಂದು ಆರ್ಡರು. ಸಮವಸ್ತ್ರಕ್ಕೆ ಕಟಿಂಗಿನಲ್ಲಿ ಪಳಗಿದ ಕೈ ಬೇಕು. ಬಟ್ಟೆಯ ಚೀಲದಿಂದ ಹೊರಡಿ. ಐನೂರು ಚೀಲ, ಅರ್ಧ ಹಣ ಮುಂಗಡ, ಒಪ್ಪಿದ ಮಾದರಿ ಚೀಲ ಇಬ್ಬರ ಬಳಿಯೂ ಒಂದೊಂದು. ಪಳಗಿದವರು ಚೀಲಕ್ಕೆ 12 ನಿಮಿಷದಂತೆ ಎಂಟು ತಾಸಿಗೆ 40 ಹೊಲಿಯಬಹುದು. ಹೊಸಬರಿಗೆ 25 ಎಂದು ಹಿಡಿಯಿರಿ. ದಿನಕ್ಕೆ 400 ಕೂಲಿ ಬೀಳಬೇಕಾದರೆ ಹೊಲಿಗೆಗೆ ಚೀಲಕ್ಕೆ 16 ರೂಪಾಯಿ ಕೊಡಬೇಕು. ಅಷ್ಟು ಕೊಡುವ ಗಿರಾಕಿ ಸಿಗದಿದ್ದರೆ ಆರು ತಿಂಗಳು ಆ ವ್ಯತ್ಯಾಸವನ್ನು ನಿಮ್ಮ ನಿಧಿಯಿಂದ ತುಂಬಿ, ಕೂಲಿ ಇಳಿಸಬೇಡಿ. ಯಂತ್ರ ಹಸ್ತಾಂತರದ ಫೋಟೋ ಸಮಾರಂಭ ಬಿಟ್ಟರೆ ಎರಡು ಥಾನು ಬಟ್ಟೆಯ ದುಡ್ಡು ಉಳಿಯುತ್ತದೆ.

ಶಿಡ್ಲಘಟ್ಟ: ಮೈಕ್ರೋಫೈನಾನ್ಸ್ ಸಾಲ ಎರಡಿವೆ, ವಾರದ ಕಂತು. ಮೂರನೆಯದು ತೆಗೆದು ಹಳೆಯ ಚರಕ ಕೊಂಡು ರೇಷ್ಮೆ ನೂಲು ತೆಗೆಯಲೇ?

ಬೇಡ. ಒಂದು ಕೆ.ಜಿ. ನೂಲಿಗೆ ಮಿಶ್ರತಳಿ ಗೂಡು ಏಳೆಂಟು ಕೆ.ಜಿ. ಬೇಕು, ಮಾರುಕಟ್ಟೆಯಲ್ಲಿ ಅದಕ್ಕೆ ಕೂಡಲೇ ಹಣ ಕಟ್ಟಬೇಕು. ಚರಕದ ಬೆಲೆಗಿಂತ ಗೂಡಿನ ಬಂಡವಾಳವೇ ಭಾರ. ಅದು ನೂಲಾಗಿ ಮಾರಿ ವಾಪಸಾಗುವ ಮೊದಲೇ ವಾರದ ಕಂತು ಬಾಗಿಲಿಗೆ ಬರುತ್ತದೆ. ಗೂಡಿನ ಹರಾಜಿಗೆ ರೇಷ್ಮೆ ಇಲಾಖೆಯ ರೀಲರ್ ಲೈಸೆನ್ಸ್ ಸಹ ಬೇಕು. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆಯ ಎಲ್ಲ ಸಾಲದ ಕಂತು ತಿಂಗಳ ಆದಾಯದ ಅರ್ಧ ಮೀರಬಾರದು: 16,000 ಬರುವ ಮನೆಗೆ 8,000. ಈಗಲೇ ಮೀರಿದ್ದರೆ ಒಂದು ಸಾಲ ತೀರುವವರೆಗೆ ಕೂಲಿಯಲ್ಲೇ ಇರಿ. ಅಷ್ಟರಲ್ಲಿ ಲೈಸೆನ್ಸಿಗೆ ಅರ್ಜಿ ಕೊಟ್ಟು, ಮುದ್ರಾ ಶಿಶು ಸಾಲಕ್ಕೆ ಬ್ಯಾಂಕಿನಲ್ಲಿ ಮಾತಾಡಿ. ಅದು 50,000ದವರೆಗೆ, ಅಡಮಾನವಿಲ್ಲ, ಕಂತು ತಿಂಗಳಿಗೊಮ್ಮೆ ಇರುವಂತೆ ಕೇಳಿ ಹಾಕಿಸಿಕೊಳ್ಳಿ.