ರಾಜೀನಾಮೆ ಪತ್ರ ಮೊಬೈಲಿನಲ್ಲಿತ್ತು

ಕೆಲಸ ಬಿಡಲೇ ಅಂತ ಸಲಹೆ ಕೇಳಲು ನನ್ನ ಹತ್ತಿರ ಬಂದ ಇಂಥ ಮೇಷ್ಟ್ರುಗಳಲ್ಲಿ ಇವರು ಮೂರನೆಯವರು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ಒಂದು ವಿಶ್ವವಿದ್ಯಾಲಯದಲ್ಲಿ ಎಂಬಿಎ ಮಕ್ಕಳಿಗೆ ಸ್ಟ್ರಾಟಜಿ, ಉದ್ಯಮಶೀಲತೆ ಪಾಠ ಮಾಡುತ್ತಾರೆ. ಗೃಹಸಾಲ ಇದೆ, ಇಬ್ಬರು ಮಕ್ಕಳು. ಒಂದು ದಿನ ಕ್ಲಾಸಿನಲ್ಲಿ ಹುಡುಗನೊಬ್ಬ "ಸಾರ್, ನೀವು ಯಾವತ್ತಾದರೂ ಬಿಸಿನೆಸ್ ಮಾಡಿದ್ದೀರಾ?" ಅಂತ ಕೇಳಿದ. ಹಿಂದಿನ ಬೆಂಚಿನವರು ನಕ್ಕರು. ಅವತ್ತಿನಿಂದ ಇವರಿಗೆ ನಿದ್ದೆಯಿಲ್ಲ. ಕೆಲಸ ಬಿಟ್ಟು ಸಿರಿಧಾನ್ಯದ ದೋಸೆ ಹಿಟ್ಟಿನ ಕಂಪನಿ ಶುರು ಮಾಡುತ್ತಾರಂತೆ. ರಾಜೀನಾಮೆ ಪತ್ರ ಆಗಲೇ ಮೊಬೈಲಿನಲ್ಲಿತ್ತು.

ಎರಡನೇ ಭೇಟಿಯಲ್ಲಿ ನಾನು ಸಮಾಧಾನ ಹೇಳಲಿಲ್ಲ. "ನಾನೇ ನಿಮ್ಮ ಸ್ಟೂಡೆಂಟ್, ಪಾಠ ಮಾಡಿ" ಅಂದೆ. ಒಂದು ವ್ಯಾಪಾರದಲ್ಲಿ ಪೈಪೋಟಿ ಎಷ್ಟು ಅಂತ ಅಳೆಯಲು ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1979ರಲ್ಲಿ ಹೇಳಿದ ಐದು ಶಕ್ತಿಗಳನ್ನು ಹಿಡಿದು ಹಿಟ್ಟಿನ ಮಾರುಕಟ್ಟೆಯನ್ನು ಬಿಡಿಸಿಟ್ಟರು: ಯಾರು ಬೇಕಾದರೂ ಒಳಗೆ ನುಗ್ಗಬಹುದು, ಗಿರಾಕಿ ನಾಳೆಯೇ ಬೇರೆ ಪ್ಯಾಕೆಟ್ ಕೊಳ್ಳಬಹುದು, ಅದೂ ಬೇಡ ಅಂದರೆ ಮನೆಯಲ್ಲೇ ರುಬ್ಬಿಕೊಳ್ಳಬಹುದು. ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು. ಮತ್ತೆ ಹಣ ಎಷ್ಟು ಹಾಕಬೇಕು ಅಂತ ಕೇಳಿದೆ. ಸರಸ್ ಸರಸ್ವತಿ ಅನ್ನುವ ಸಂಶೋಧಕಿ 27 ಅನುಭವಿ ಉದ್ಯಮಿಗಳನ್ನು ಅಧ್ಯಯನ ಮಾಡಿದ್ದನ್ನು ಹೇಳಿದರು. ಅಂಥವರು ಎಷ್ಟು ಲಾಭ ಬಂದೀತು ಅಂತ ಲೆಕ್ಕ ಹಾಕುವುದಕ್ಕಿಂತ, ಎಷ್ಟು ಹೋದರೆ ತಡೆದುಕೊಳ್ಳಬಹುದು ಅಂತ ಮೊದಲು ನೋಡುತ್ತಾರಂತೆ.

"ನಿಮಗೆ ಎಷ್ಟು ಹೋದರೆ ಪರವಾಗಿಲ್ಲ?"

ಸುಮಾರು ಹೊತ್ತು ಮಾತಿಲ್ಲ. ಆಮೇಲೆ, "ಮೇಡಂ, ಮನೆಯಲ್ಲಿ ಇನ್ನೂ ಹೇಳಿಲ್ಲ" ಅಂದರು.

ನಾನು ಹೇಳಿದ್ದು ಇಷ್ಟು. ಈ ವರ್ಷ ರಾಜೀನಾಮೆ ಬೇಡ. ಹೆಂಡತಿಯ ಜೊತೆ ಕೂತು ಒಂದು ಮೊತ್ತ ಬರೆಯಿರಿ, ಅಷ್ಟರಲ್ಲೇ ಶನಿವಾರ ಭಾನುವಾರ ಹಿಟ್ಟು ಮಾರಿ ನೋಡಿ. ಆ ಹುಡುಗನಿಗೆ "ಇಲ್ಲಪ್ಪ, ಮಾಡಿಲ್ಲ" ಅಂತ ನೇರವಾಗಿ ಹೇಳಿ.

ಸ್ಟಾರ್ಟಪ್‌ಗಳಿಗೆ ಸಲಹೆ ಕೊಡುವ ಗೆಳತಿಯೊಬ್ಬಳು, ಯಾರು ಅಂತ ಗೊತ್ತಿಲ್ಲದೆಯೇ, "ಒಬ್ಬ ಮನುಷ್ಯನ ಧೈರ್ಯ ಕೆಡಿಸಿದೆ" ಅಂತ ನನ್ನ ಮೇಲೆ ರೇಗಿದಳು. ಇರಬಹುದು. ಆದರೆ ಅವರಿಗಿದ್ದದ್ದು ಹಿಟ್ಟಿನ ಮೇಲಿನ ಆಸೆಯಲ್ಲ, ಹಿಂದಿನ ಬೆಂಚಿನ ನಗು. ನಾಚಿಕೆಗೆ ಕೆಲಸ ಬಿಟ್ಟವರು ಅಂಗಡಿಯಲ್ಲಿ ನಷ್ಟವಾದಾಗ ಅದನ್ನು ಮುಚ್ಚೋದಕ್ಕೂ ನಾಚುತ್ತಾರೆ, ಸಾಲ ಮಾಡಿ ಎಳೆಯುತ್ತಾರೆ; ಮೊದಲು ಬಂದಿದ್ದ ಇಬ್ಬರಲ್ಲಿ ಒಬ್ಬರದ್ದು ಹಾಗೇ ಆಗಿತ್ತು. ಅಷ್ಟಕ್ಕೂ ಪಾಠ ಮಾಡುವುದೂ ಒಂದು ಕಸುಬು ತಾನೇ?

ಮುಂದಿನ ಸಲ ಒಂದು ಚೀಟಿ ತಂದಿದ್ದರು. ಅವರು ಎರಡು ಲಕ್ಷ ಅಂತ ಬರೆದಿದ್ದರು. ಹೆಂಡತಿ ಅದನ್ನು ಹೊಡೆದುಹಾಕಿ, ಕೆಳಗೆ ಅರವತ್ತು ಸಾವಿರ ಅಂತ ಬರೆದು, ಪಕ್ಕದಲ್ಲಿ "ಗ್ರೈಂಡರ್ ಸೇರಿ" ಅಂತ ಸೇರಿಸಿದ್ದರು.